ಹೊಟ್ಟೆ ಆಪರೇಷನ್ ಬೆಂಗಳೂರಲ್ಲಿ, ಆಮೇಲಿನ ಬದುಕು ದಾವಣಗೆರೆಯಲ್ಲಿ

ದಾವಣಗೆರೆಯಲ್ಲಿ ಈಗ ತೂಕದ ಮಾತು ಬಂದರೆ ಎರಡು ಸುದ್ದಿ ಗ್ಯಾರಂಟಿ. ‘ವಾರಕ್ಕೊಂದು ಇಂಜೆಕ್ಷನ್ ಬಂದೈತಂತೆ, ತಗೊಂಡ್ರೆ ಹಸಿವೇ ಆಗಲ್ವಂತೆ’ ಅನ್ನೋದು ಒಂದು. ‘ಅವರು ಬೆಂಗಳೂರಿಗೆ ಹೋಗಿ ಹೊಟ್ಟೆ ಕಟ್ ಮಾಡಿಸ್ಕೊಂಡು ಬಂದಾರಂತೆ’ ಅನ್ನೋದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಜೋರಾಗಿ ಹೇಳುತ್ತಾರೆ. ಎರಡನೆಯದನ್ನು ಹೇಳುವಾಗ ಮಾತ್ರ ದನಿ ತಗ್ಗುತ್ತೆ. ಮಾಡಿಸಿಕೊಂಡವರು ಕೂಡ ನೆಂಟರಿಷ್ಟರ ಹತ್ತಿರ ಪಿತ್ತಕೋಶದ ಆಪರೇಷನ್ ಅಂತ ಹೇಳಿ ಮುಗಿಸಿರುತ್ತಾರೆ. ಹೀಗೆ ಗುಟ್ಟು ಮಾಡಿ ಮಾಡಿ, ನಿಜವಾಗಿ ಬೇಕಾದವರಿಗೆ ಸರಿಯಾದ ಮಾಹಿತಿ ಸಿಗಲ್ಲ. ಸಿಗೋದು ಒಂದೋ ಆಸ್ಪತ್ರೆಯ ಜಾಹೀರಾತು, ಇಲ್ಲಾಂದ್ರೆ ಯಾರೋ ಸತ್ತ ಸುದ್ದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತೀವ್ರ ಬೊಜ್ಜು ಇರೋರಿಗೆ ಈ ಆಪರೇಷನ್ ಒಳ್ಳೆಯ ಚಿಕಿತ್ಸೆ, ನಾಚಿಕೆ ಪಡೋಕೆ ಅದರಲ್ಲಿ ಏನೂ ಇಲ್ಲ. ಆದರೆ ನಮ್ಮ ಜನ ಡಾಕ್ಟರ್ ಮುಂದೆ ಕೂತು ಕೇಳೋದು ‘ಎಷ್ಟು ಕೆಜಿ ಇಳಿಯುತ್ತೆ, ಎಷ್ಟು ದುಡ್ಡಾಗುತ್ತೆ’ ಅಂತ ಮಾತ್ರ. ಕೇಳಬೇಕಾದ್ದು ಬೇರೆ ಇದೆ: ಊರಿಗೆ ವಾಪಸ್ ಬಂದ ಮೇಲೆ ಮುಂದಿನ ಇಪ್ಪತ್ತು, ಮೂವತ್ತು ವರ್ಷ ನನ್ನನ್ನು ನೋಡಿಕೊಳ್ಳೋರು ಯಾರು?

ಒಂದು ಗೊಂದಲ ಮೊದಲು ಬಗೆಹರಿಸೋಣ. ಕೊಬ್ಬು ಹೀರಿ ತೆಗೆಯೋ ಲೈಪೊಸಕ್ಷನ್ ಬೇರೆ, ಬೊಜ್ಜಿನ ಶಸ್ತ್ರಚಿಕಿತ್ಸೆ ಬೇರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಲು ಹೋಗಿ ತೀರಿಕೊಂಡರಲ್ಲ, ಆಗ ಎಲ್ಲರೂ ಎರಡನ್ನೂ ಒಂದೇ ಮಾಡಿ ಮಾತಾಡಿದರು. ಲೈಪೊಸಕ್ಷನ್ ಅಂದರೆ ಚರ್ಮದ ಕೆಳಗಿನ ಕೊಬ್ಬು ತೆಗೆದು ಆಕಾರ ಸರಿ ಮಾಡೋದು. ಅದರಿಂದ ಶುಗರ್ ಇಳಿಯಲ್ಲ, ಹಸಿವು ಕಮ್ಮಿ ಆಗಲ್ಲ. ಬೊಜ್ಜಿನ ಶಸ್ತ್ರಚಿಕಿತ್ಸೆಯಲ್ಲಿ ಕೊಬ್ಬನ್ನು ಮುಟ್ಟೋದೇ ಇಲ್ಲ. ಅಲ್ಲಿ ಬದಲಾಯಿಸೋದು ಜಠರ ಮತ್ತು ಕರುಳನ್ನು.

ಯಾರಿಗೆ ಬೇಕು?

ಲೆಕ್ಕ ಶುರುವಾಗೋದು ಬಿಎಂಐನಿಂದ. ತೂಕವನ್ನು ಕೆಜಿಯಲ್ಲಿ ತಗೊಂಡು ಎತ್ತರದ ಮೀಟರಿನ ವರ್ಗದಿಂದ ಭಾಗಿಸಿದರೆ ಬರೋ ಸಂಖ್ಯೆ ಅದು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಒಂದು ಗೆರೆ ಹಾಕಿತು. ಬಿಎಂಐ 40 ದಾಟಿದವರಿಗೆ ಆಪರೇಷನ್ ಮಾಡಬಹುದು, ಶುಗರ್, ಬಿಪಿಯಂಥ ಕಾಯಿಲೆ ಜೊತೆಗಿದ್ದರೆ 35 ಸಾಕು. ಆದರೆ ನಮ್ಮ ಮೈ ಅವರ ಥರ ಅಲ್ಲ. ಅದೇ ಬಿಎಂಐನಲ್ಲಿ ಯುರೋಪಿನವರಿಗಿಂತ ನಮ್ಮಲ್ಲಿ ಕೊಬ್ಬು ಜಾಸ್ತಿ, ಅದೂ ಹೊಟ್ಟೆಯೊಳಗೆ, ಲಿವರ್ ಸುತ್ತ ಜಾಸ್ತಿ. ಅದಕ್ಕೇ ಭಾರತದ ಸರ್ಜನ್‌ಗಳು ಈ ಗೆರೆಯನ್ನು 37.5 ಮತ್ತು 32.5ಕ್ಕೆ ಇಳಿಸಿಕೊಂಡರು. 2022ರಲ್ಲಿ ಬೊಜ್ಜಿನ ಸರ್ಜನ್‌ಗಳ ಅಮೆರಿಕದ ಸಂಘವೂ ಅಂತರರಾಷ್ಟ್ರೀಯ ಒಕ್ಕೂಟವೂ ಸೇರಿ ಹಳೆಯ ನಿಯಮ ಬಿಟ್ಟು, 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಮಾಡಬಹುದು, ಏಷ್ಯಾದವರಿಗೆ 27.5 ದಾಟಿದರೇ ಈ ದಾರಿ ತೋರಿಸಬೇಕು ಅಂದವು.

ಈ ಸಂಖ್ಯೆಗಳು ತಲೆಗೆ ಹತ್ತಲ್ಲ ಅಲ್ವಾ? ಐದು ಅಡಿ ನಾಲ್ಕು ಇಂಚು ಎತ್ತರದವರನ್ನು ತಗೊಳ್ಳಿ. ಅವರಿಗೆ 27.5 ಅಂದರೆ ಸುಮಾರು 73 ಕೆಜಿ. 32.5 ಅಂದರೆ 86 ಕೆಜಿ. 37.5 ಅಂದರೆ 99 ಕೆಜಿ. 73 ಕೆಜಿ ಅಂದರೆ ನಮ್ಮೂರಲ್ಲಿ ‘ಸ್ವಲ್ಪ ಮೈ ಬಂದಿದೆ’ ಅಂತಾರೆ ಅಷ್ಟೇ, ಅದನ್ನ ಯಾರೂ ಕಾಯಿಲೆ ಅನ್ನಲ್ಲ. ನನ್ನ ಮಟ್ಟಿಗೆ 27.5ಕ್ಕೇ ಆಪರೇಷನ್ ಮಾತಾಡೋದು ಆತುರ. ಶುಗರ್ ಯಾವ ಔಷಧಿಗೂ ಬಗ್ಗದೆ ಇದ್ದಾಗ ಮಾತ್ರ ಅದಕ್ಕೆ ಅರ್ಥ ಇದೆ. 86, 90 ಕೆಜಿ ದಾಟಿ, ಶುಗರ್ ಇದ್ದು, ರಾತ್ರಿ ಗೊರಕೆ ನಿಂತು ನಿಂತು ಉಸಿರು ಕಟ್ಟೋ ಹಂತಕ್ಕೆ ಬಂದವರು ಮಾತ್ರ ಇದನ್ನ ಸುಮ್ನೆ ತಳ್ಳಿಹಾಕಬಾರದು.

2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಹತ್ತಿರ ಹತ್ತಿರ 30 ಜನ ವಯಸ್ಕರು ಮಿತಿ ಮೀರಿದ ತೂಕದವರು. ದೇಶದ ಸರಾಸರಿ 23, 24ರ ಆಸುಪಾಸು. ಈ 30 ಜನರಲ್ಲಿ ಆಪರೇಷನ್ ಬೇಕಾಗೋದು ತೀರಾ ಕೆಲವರಿಗೆ. ಉಳಿದವರಿಗೆ ಊಟ, ನಡಿಗೆ, ಬೇಕಾದರೆ ಔಷಧಿ ಸಾಕು.

‘ಬಾಯಿ ಕಟ್ಟೋಕಾಗಲ್ವಾ’ ಅನ್ನೋರಿಗೆ

ಈ ಮಾತು ಕೇಳದ ದಪ್ಪನೆಯ ಮನುಷ್ಯ ನಮ್ಮೂರಲ್ಲಿ ಇರಲಿಕ್ಕಿಲ್ಲ. ಗಾಜಿನ ಮನೆ ಹತ್ತಿರ ಬೆಳಿಗ್ಗೆ ವಾಕಿಂಗ್ ಮಾಡೋರನ್ನು ತೋರಿಸಿ ‘ಅವರನ್ನ ನೋಡಿ ಕಲೀರಿ’ ಅಂತಾರೆ. ಹತ್ತು ಕೆಜಿ ಜಾಸ್ತಿ ಇರೋರಿಗೆ ಆ ಬುದ್ಧಿವಾದ ನಡೆಯುತ್ತೆ. ನಲವತ್ತು, ಐವತ್ತು ಕೆಜಿ ಜಾಸ್ತಿ ಇರೋರ ವಿಷಯ ಬೇರೆ. ತೂಕ ಇಳಿದ ತಕ್ಷಣ ಮೈ ಅದನ್ನು ಬರಗಾಲ ಅಂತ ತಿಳಿಯುತ್ತೆ. ಹಸಿವಿನ ಹಾರ್ಮೋನು ಗ್ರೆಲಿನ್ ಏರುತ್ತೆ, ಹೊಟ್ಟೆ ತುಂಬಿತು ಅಂತ ಮೆದುಳಿಗೆ ಹೇಳೋ ಹಾರ್ಮೋನುಗಳು ಇಳಿಯುತ್ತವೆ, ಕೂತಲ್ಲಿ ಖರ್ಚಾಗೋ ಕ್ಯಾಲೊರಿಯೂ ಕಮ್ಮಿಯಾಗುತ್ತೆ. ಇದು ತಿಂಗಳಲ್ಲ, ವರ್ಷಗಟ್ಟಲೆ ಹೀಗೇ ಇರುತ್ತೆ. ಹಾಗಾಗಿ ಮೂರು ತಿಂಗಳು ಪಟ್ಟು ಹಿಡಿದು ಇಳಿಸಿದವರ ತೂಕ ವರ್ಷ ಕಳೆಯೋದರೊಳಗೆ ವಾಪಸ್ ಬರುತ್ತೆ. ಸೋಮಾರಿತನ ಅನ್ನೋದು ಸುಲಭ. ಅದು ನಿಜ ಅಲ್ಲ.

ಆಪರೇಷನ್ ಕೆಲಸ ಮಾಡೋದು ಇಲ್ಲೇ. ‘ಹೊಟ್ಟೆ ಚಿಕ್ಕದು ಮಾಡ್ತಾರೆ, ಅದಕ್ಕೆ ಕಮ್ಮಿ ತಿಂತಾರೆ’ ಅನ್ನೋದು ಅರ್ಧ ಮಾತ್ರ. ಮುಖ್ಯವಾದ್ದು ಅಂದರೆ ಹಾರ್ಮೋನುಗಳ ಆಟವೇ ಬದಲಾಗುತ್ತೆ. ತೂಕ ಇಳಿದರೂ ಮೈ ಹಿಂದಿನಷ್ಟು ಹಸಿವು ಹುಟ್ಟಿಸಲ್ಲ.

ಸ್ಲೀವ್, ಬೈಪಾಸ್

ಭಾರತದಲ್ಲಿ ಜಾಸ್ತಿ ನಡೆಯೋದು ಸ್ಲೀವ್. ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ನಾಲ್ಕೈದು ಸಣ್ಣ ತೂತು ಮಾಡಿ, ಜಠರದ ಹೊರಬದಿಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಭಾಗವನ್ನು ಸ್ಟೇಪ್ಲರ್‌ನಿಂದ ಹೊಲಿದು ಕತ್ತರಿಸಿ ತೆಗೆಯುತ್ತಾರೆ. ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಗ್ರೆಲಿನ್ ಹೆಚ್ಚಾಗಿ ತಯಾರಾಗೋದು ಕತ್ತರಿಸಿ ತೆಗೆದ ಮೇಲ್ಭಾಗದಲ್ಲೇ, ಹಾಗಾಗಿ ಹಸಿವು ಇಳಿಯುತ್ತೆ. ಕರುಳನ್ನು ಮುಟ್ಟಲ್ಲ. ತೆಗೆದದ್ದನ್ನು ವಾಪಸ್ ಜೋಡಿಸೋಕೆ ಆಗಲ್ಲ.

ಬೈಪಾಸ್ ಇದಕ್ಕಿಂತ ಹಳೆಯದು. 1960ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಅನ್ನೋ ಸರ್ಜನ್ ಶುರು ಮಾಡಿದ್ದು. ಈಗ ನಡೆಯೋ ರೂ-ಎನ್-ವೈ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂಎಲ್‌ನ ಸಣ್ಣ ಚೀಲ ಮಾಡಿ, ಸಣ್ಣ ಕರುಳಿನ ಮುಂದಿನ ಭಾಗವನ್ನು ತಂದು ಅದಕ್ಕೆ ಜೋಡಿಸುತ್ತಾರೆ. ಊಟ ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ನೇರ ಮುಂದಕ್ಕೆ ಹೋಗುತ್ತೆ. ಎರಡು ಕಡೆ ಜೋಡಣೆ. ಒಂದೇ ಜೋಡಣೆಯ ಮಿನಿ ಬೈಪಾಸ್ ಕೂಡ ನಮ್ಮ ದೇಶದಲ್ಲಿ ಚೆನ್ನಾಗಿ ನಡೆಯುತ್ತೆ. ಸಮಯ ಕಮ್ಮಿ, ತೂಕ ಚೆನ್ನಾಗಿ ಇಳಿಯುತ್ತೆ, ಆದರೆ ಪಿತ್ತರಸ ಮೇಲಕ್ಕೆ ಬರೋ ಸಾಧ್ಯತೆ ಇದೆ, ಪೋಷಕಾಂಶದ ಕೊರತೆಯೂ ಜಾಸ್ತಿ.

ಜಠರಕ್ಕೆ ಪಟ್ಟಿ ಬಿಗಿಯೋ ಬ್ಯಾಂಡ್ ಈಗ ಹೆಚ್ಚುಕಮ್ಮಿ ಮೂಲೆ ಸೇರಿದೆ. ಬಲೂನ್ ಆಪರೇಷನ್ನೇ ಅಲ್ಲ. ಎಂಡೋಸ್ಕೋಪಿಯಲ್ಲಿ ಒಳಗೆ ಬಿಟ್ಟು ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆಯುತ್ತಾರೆ, ತೆಗೆದ ಮೇಲೆ ತೂಕ ವಾಪಸ್ ಬರೋದೇ ಜಾಸ್ತಿ. ಅದಕ್ಕೆ ಲಕ್ಷಗಟ್ಟಲೆ ಕೊಡೋರನ್ನು ಕಂಡರೆ ನನಗೆ ಬೇಜಾರು.

ಹಾಗಾದರೆ ಸ್ಲೀವೋ ಬೈಪಾಸೋ? ಇದಕ್ಕೆ ಫಿನ್ಲೆಂಡಿನ ಒಂದು ಅಧ್ಯಯನ ಒಳ್ಳೆಯ ಉತ್ತರ ಕೊಡುತ್ತೆ. 240 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹತ್ತು ವರ್ಷ ಹಿಂಬಾಲಿಸಿದರು, ಫಲಿತಾಂಶ 2022ರಲ್ಲಿ ಬಂತು. ಮಿತಿಗಿಂತ ಜಾಸ್ತಿ ಇದ್ದ ತೂಕದಲ್ಲಿ ಸ್ಲೀವ್‌ನವರು ನೂರಕ್ಕೆ 43.5ರಷ್ಟು ಕಳೆದುಕೊಂಡಿದ್ದರು, ಬೈಪಾಸ್‌ನವರು 51.9ರಷ್ಟು. ದೊಡ್ಡ ಅಂತರ ಅಲ್ಲ. ಕಣ್ಣಿಗೆ ಬೀಳಬೇಕಾದ್ದು ಬೇರೆ. ಅನ್ನನಾಳದ ಉರಿಯೂತ ಸ್ಲೀವ್ ಆದವರಲ್ಲಿ ನೂರಕ್ಕೆ 31 ಜನರಲ್ಲಿ ಕಂಡಿತು, ಬೈಪಾಸ್ ಆದವರಲ್ಲಿ 7 ಜನರಲ್ಲಿ. ಅಂದರೆ ಮೊದಲೇ ಎದೆಯುರಿ, ಹುಳಿ ತೇಗು ಇದ್ದವರು, ದಿನಾ ಬೆಳಿಗ್ಗೆ ಗ್ಯಾಸಿನ ಮಾತ್ರೆ ನುಂಗೋರು ಸ್ಲೀವ್‌ಗೆ ಹೋದರೆ ಆ ಉರಿ ಜಾಸ್ತಿ ಆಗೋ ಸಾಧ್ಯತೆ ಇದೆ. ಅಂಥವರಿಗೆ ಬೈಪಾಸ್ ವಾಸಿ. ಮಿರ್ಚಿ, ಖಾರ ಮಂಡಕ್ಕಿ ತಿಂದು ಬೆಳೆದ ಊರಲ್ಲಿ ಆ ಮಾತ್ರೆ ನುಂಗದವರು ಯಾರಿದ್ದಾರೆ ಹೇಳಿ! ಅದಕ್ಕೇ ಆಪರೇಷನ್‌ಗೆ ಮುಂಚೆ ಎಂಡೋಸ್ಕೋಪಿ ಮಾಡಿಸದೆ ‘ನಿಮಗೆ ಸ್ಲೀವ್’ ಅಂತ ಮೊದಲ ಭೇಟಿಯಲ್ಲೇ ಹೇಳೋ ಕಡೆ ನಾನಾದರೆ ಎರಡನೇ ಸಲ ಹೋಗಲ್ಲ.

ಬೈಪಾಸ್‌ಗೂ ಅದರದೇ ತಾಪತ್ರಯ ಇದೆ. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಕೊರತೆ ಜಾಸ್ತಿ. ಬೀಡಿ, ಸಿಗರೇಟು ಸೇದೋರಿಗೆ ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತೆ. ವರ್ಷಗಳಾದ ಮೇಲೂ ಒಳಗೆ ಕರುಳು ಸಿಕ್ಕಿಕೊಂಡು ತಡೆಯೋಕಾಗದ ಹೊಟ್ಟೆನೋವು ಬರಬಹುದು, ಆಗ ಗಂಟೆಗಳಲ್ಲಿ ಸರ್ಜನ್ ಕೈಗೆ ಸಿಗಬೇಕು. ಚನ್ನಗಿರಿ, ಜಗಳೂರಿನ ಕಡೆ ಹಳ್ಳಿಯಲ್ಲಿ ಇರೋರು ಇದನ್ನೂ ಯೋಚನೆ ಮಾಡಬೇಕು.

ಶುಗರ್ ಹೋಗುತ್ತಾ?

ಜನರನ್ನು ಆಪರೇಷನ್ ಕಡೆ ಎಳೆಯೋದು ಇದೇ ಆಸೆ. ಆಪರೇಷನ್ ಆದ ಕೆಲವೇ ದಿನಗಳಲ್ಲಿ, ತೂಕ ಇನ್ನೂ ಅಷ್ಟಾಗಿ ಇಳಿಯೋ ಮುಂಚೆಯೇ, ಶುಗರ್ ಇಳಿಯೋದು ನಿಜ. ಬೈಪಾಸ್‌ನಲ್ಲಿ ಊಟ ಬೇಗ ಕರುಳಿನ ಕೆಳಭಾಗ ಮುಟ್ಟಿ ಜಿಎಲ್‌ಪಿ-1 ಅನ್ನೋ ಹಾರ್ಮೋನು ಜಾಸ್ತಿ ಬರೋದು ಇದಕ್ಕೆ ಒಂದು ಕಾರಣ. ಈಗಿನ ಹೊಸ ಇಂಜೆಕ್ಷನ್‌ಗಳು ನಕಲು ಮಾಡೋದು ಇದೇ ಹಾರ್ಮೋನನ್ನು.

ಆದರೆ ‘ಶುಗರ್ ಮಾಯ’ ಅನ್ನೋ ಬೋರ್ಡು ನಂಬಬೇಡಿ. ಅಮೆರಿಕದ ಕ್ಲೀವ್‌ಲೆಂಡ್‌ನಲ್ಲಿ 150 ಜನ ಶುಗರ್ ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಐದು ವರ್ಷ ಆದಮೇಲೆ ಮೂರು ತಿಂಗಳ ಸರಾಸರಿ ಶುಗರ್, ಅದೇ ಎಚ್‌ಬಿಎ1ಸಿ, 6 ಅಥವಾ ಅದಕ್ಕಿಂತ ಕೆಳಗೆ ಇದ್ದದ್ದು ಬೈಪಾಸ್‌ನವರಲ್ಲಿ ನೂರಕ್ಕೆ 29, ಸ್ಲೀವ್‌ನವರಲ್ಲಿ 23, ಬರೀ ಔಷಧಿ ತಗೊಂಡವರಲ್ಲಿ 5. ಔಷಧಿಗಿಂತ ಎಷ್ಟೋ ವಾಸಿ. ಹಾಗಂತ ಎಲ್ಲರಿಗೂ ಹೋಗಲಿಲ್ಲ. ಶುಗರ್ ಬಂದು ನಾಲ್ಕೈದು ವರ್ಷ ಆಗಿದ್ದು, ಇನ್ನೂ ಮಾತ್ರೆಯಲ್ಲೇ ಇರೋರಿಗೆ ಲಾಭ ಜಾಸ್ತಿ. ಹದಿನೈದು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರೋರಿಗೆ ಡೋಸ್ ಇಳಿದರೂ ದೊಡ್ಡದೇ. ‘ಇನ್ನೂ ಸ್ವಲ್ಪ ವರ್ಷ ನೋಡೋಣ’ ಅಂತ ತಳ್ಳಿಕೊಂಡು ಬಂದು, ಕಾಲಲ್ಲಿ ಹುಣ್ಣಾದ ಮೇಲೆ ಹೋಗೋದು ನಮ್ಮ ಕಡೆ ಜಾಸ್ತಿ. ಆಗ ಆಪರೇಷನ್‌ನಿಂದ ಸಿಗೋದೂ ಕಮ್ಮಿಯಾಗಿರುತ್ತೆ.

ಇಂಜೆಕ್ಷನ್ ಬಂದಮೇಲೂ ಕತ್ತರಿ ಯಾಕೆ?

ವಾರಕ್ಕೊಂದು ಅನ್ನೋ ಆ ಇಂಜೆಕ್ಷನ್‌ಗಳಲ್ಲಿ 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತಕ್ಕೆ ಬಂದವು. ವೆಗೋವಿಯಲ್ಲಿರೋ ಸೆಮಾಗ್ಲುಟೈಡ್‌ನ ಮುಖ್ಯ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಯಿತು, ಮೌಂಜಾರೊದ ದೊಡ್ಡ ಡೋಸ್‌ನಲ್ಲಿ 72 ವಾರಕ್ಕೆ ಸುಮಾರು 21ರಷ್ಟು. ಆಪರೇಷನ್‌ನಲ್ಲಿ ಇದು 25ರಿಂದ 30. ಅಂದರೆ ಅಂತರ ಕಮ್ಮಿ ಆಗ್ತಾ ಇದೆ. ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಪೇಟೆಂಟ್ ಮುಗಿದ ಮೇಲೆ ದರ ಇಳಿಯೋದು ಸಹಜ.

ತೊಂದರೆ ಇರೋದು ನಿಲ್ಲಿಸಿದಾಗ. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದೇ ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂತು. ಹಾಗಾದರೆ ಬಿಪಿ ಮಾತ್ರೆ ಥರ ಬಹುಕಾಲ ತಗೊಳ್ಳಬೇಕು. ಬಿಎಂಐ 32, 33ರ ಆಸುಪಾಸು ಇರೋರು ಮೊದಲು ಡಾಕ್ಟರ್ ಕೈಯಲ್ಲಿ ಇಂಜೆಕ್ಷನ್ ನೋಡಲಿ ಅಂತ ನನಗೆ ಅನ್ನಿಸುತ್ತೆ. 40 ದಾಟಿದವರು, ಮೊಣಕಾಲು ಸವೆದು ಮೆಟ್ಟಿಲು ಹತ್ತೋಕಾಗದವರು ಅದೊಂದನ್ನೇ ನಂಬಿ ಕೂರಬಾರದು. ಇನ್ನೊಂದು ಮಾತು. ಡಾಕ್ಟರ್ ಚೀಟಿ ಇಲ್ಲದೆ ಜಿಮ್ಮಿನವರು, ಬ್ಯೂಟಿ ಪಾರ್ಲರ್‌ನವರು ಕೊಡಿಸೋ ಇಂಜೆಕ್ಷನ್ ಕಡೆ ತಲೆ ಹಾಕಿ ಮಲಗಲೂಬೇಡಿ.

ಸಾಯ್ತಾರಾ?

ಎಲ್ಲರ ಮನಸ್ಸಿನಲ್ಲೂ ಇರೋ ಪ್ರಶ್ನೆ. 2024ರ ಏಪ್ರಿಲ್‌ನಲ್ಲಿ ಪುದುಚೇರಿಯ 26 ವರ್ಷದ ಹುಡುಗನೊಬ್ಬ ಚೆನ್ನೈನಲ್ಲಿ ಈ ಆಪರೇಷನ್‌ಗೆ ಹೋಗಿ ತೀರಿಕೊಂಡ. ಆ ಸುದ್ದಿ ಎಲ್ಲರ ಫೋನಿಗೂ ಬಂತು. ಅಂಥದ್ದು ಆಗಲ್ಲ ಅಂತ ಯಾರೂ ಬರೆದುಕೊಡೋಕಾಗಲ್ಲ. ಅನುಭವ ಇರೋ ಕಡೆ ಸಾವಿನ ಪ್ರಮಾಣ ಸಾವಿರಕ್ಕೆ ಒಂದರ ಆಸುಪಾಸು. ಪಿತ್ತಕೋಶ ತೆಗೆಯೋ ಆಪರೇಷನ್‌ನ ಹತ್ತಿರ ಹತ್ತಿರ ಅಷ್ಟೇ. ಸ್ಟೇಪಲ್ ಹಾಕಿದ ಜಾಗ ಸೋರೋದು, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗೋದು, ಈ ಮೂರು ಮುಖ್ಯ ಅಪಾಯ.

ಇದರ ಎದುರಿಗೆ ಇಡಬೇಕಾದ ಲೆಕ್ಕ ಸ್ವೀಡನ್‌ನದು. 1987ರಲ್ಲಿ ಶುರುವಾದ ಅಲ್ಲಿನ ಅಧ್ಯಯನದಲ್ಲಿ ಆಪರೇಷನ್ ಆದ ಸುಮಾರು ಎರಡು ಸಾವಿರ ಜನರನ್ನು ಅಷ್ಟೇ ದಪ್ಪ ಇದ್ದು ಆಪರೇಷನ್ ಆಗದವರ ಜೊತೆ ಹೋಲಿಸಿ ನೋಡಿದರು. ಆಪರೇಷನ್ ಆದವರು ಸರಾಸರಿ ಮೂರು ವರ್ಷ ಜಾಸ್ತಿ ಬದುಕಿದರು. ಆದರೂ ಸಾಮಾನ್ಯ ತೂಕದ ಜನರಷ್ಟು ಆಯಸ್ಸು ಸಿಗಲಿಲ್ಲ. ಎರಡೂ ನಿಜ, ಎರಡನ್ನೂ ಹೇಳಬೇಕು.

ಆಪರೇಷನ್ ಆದ ವಾರದೊಳಗೆ ಎದೆ ಬಡಿತ ಸುಮ್ನೆ ಕೂತಾಗಲೂ 120 ದಾಟಿದರೆ, ಜ್ವರ ಬಂದರೆ, ಭುಜದ ಕಡೆ ನೋವು ಹರಿದರೆ ಸೋರಿಕೆ ಇರಬಹುದು. ‘ಬೆಳಿಗ್ಗೆ ನೋಡೋಣ’ ಅನ್ನೋ ವಿಷಯ ಅಲ್ಲ ಇದು. ಬೆಂಗಳೂರು ಇಲ್ಲಿಂದ 260 ಕಿಲೋಮೀಟರ್. ಮೂರನೇ ದಿನಕ್ಕೆ ಡಿಸ್ಚಾರ್ಜ್ ಮಾಡಿಸಿಕೊಂಡು ಕಾರಲ್ಲಿ ಊರಿಗೆ ಬರೋದಕ್ಕಿಂತ, ಒಂದು ವಾರ ಅಲ್ಲೇ ಯಾರಾದರೂ ನೆಂಟರ ಮನೆಯಲ್ಲಿ ಇದ್ದು ಬರೋದು ಜಾಣತನ. ಬೆಂಗಳೂರಲ್ಲಿ ನೆಂಟರಿಲ್ಲದ ದಾವಣಗೆರೆಯವರು ಯಾರಿದ್ದಾರೆ?

ಊರಿಗೆ ಬಂದ ಮೇಲೆ

ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಮಂಡಿ ಇಟ್ಟಿರೋ ಪರಿಚಯದವರೊಬ್ಬರಿಗೆ ಬೈಪಾಸ್ ಆಗಿದೆ. ಅವರು ಊಟ ಮಾಡೋದನ್ನು ನೋಡಬೇಕು. ಸಣ್ಣ ಸ್ಟೀಲ್ ಬಟ್ಟಲು, ಟೀ ಚಮಚ. ಮೊದಲು ಹೆಸರುಕಾಳಿನ ಪಲ್ಯ, ಆಮೇಲೆ ಮೊಸರು, ಜಾಗ ಉಳಿದರೆ ಎರಡು ಚಮಚ ಅನ್ನ. ಪ್ರತಿ ತುತ್ತನ್ನೂ ಪೇಸ್ಟ್ ಆಗೋವರೆಗೆ ಅಗಿಯುತ್ತಾರೆ. ನೀರಿನ ಲೋಟ ಹತ್ತಿರ ಇರಲ್ಲ, ಊಟಕ್ಕೂ ನೀರಿಗೂ ಮಧ್ಯೆ ಅರ್ಧ ಗಂಟೆ ಬಿಡಬೇಕು. ಅಷ್ಟು ತಿನ್ನೋಕೆ ಅರ್ಧ ಗಂಟೆ ಹಿಡಿಯುತ್ತೆ. ಮನೆಯಲ್ಲಿ ಇದೆಲ್ಲ ಸಲೀಸು. ಮದುವೆ ಪಂಕ್ತಿಯಲ್ಲಿ ಕೂತಾಗ ನೋಡಿ! ‘ಏನ್ರೀ ಅಣ್ಣಾರೆ, ಒಂದೇ ಹೋಳಿಗೆಗೆ ಸುಸ್ತಾ? ಇನ್ನೊಂದು ಹಾಕಿಸ್ಕೊಳ್ರಿ’ ಅಂತ ಎಲೆ ಮೇಲೆ ಹೋಳಿಗೆ, ಅದರ ಮೇಲೆ ತುಪ್ಪ. ಬೈಪಾಸ್ ಆದವರು ಸಿಹಿ ಜಾಸ್ತಿ ತಿಂದರೆ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಬೆವರು, ಎದೆ ಬಡಿತ, ತಲೆಸುತ್ತು, ಹೊಟ್ಟೆ ತೊಳೆಸಿ ಭೇದಿ. ಅವರು ಈಗ ಬಡಿಸೋರು ಬರೋ ಮುಂಚೆಯೇ ಎಲೆ ಮಡಚಿಬಿಡುತ್ತಾರೆ.

ಇನ್ನು ಬೆಣ್ಣೆ ದೋಸೆ. ತಿನ್ನಲೇಬಾರದು ಅಂತಿಲ್ಲ, ಒಂದೆರಡು ತಿಂಗಳು ದ್ರವ, ಪೇಸ್ಟು, ಮೆತ್ತನೆಯ ಊಟದ ಹಂತಗಳು ಕಳೆದ ಮೇಲೆ ಅರ್ಧ ದೋಸೆ ತಿನ್ನೋರಿದ್ದಾರೆ. ದೋಸೆಗಿಂತ ಮಂಡಕ್ಕಿ ಮೋಸ ಮಾಡುತ್ತೆ. ಮಂಡಕ್ಕಿ, ಚಿಪ್ಸ್, ಐಸ್‌ಕ್ರೀಮ್, ಜ್ಯೂಸ್ ಇವೆಲ್ಲ ಸಣ್ಣ ಹೊಟ್ಟೆಯಲ್ಲೂ ನಿಲ್ಲದೆ ಜಾರಿಹೋಗುತ್ತವೆ, ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ. ಎರಡು ಮೂರು ವರ್ಷ ಆದಮೇಲೆ ತೂಕ ಮತ್ತೆ ಏರಿದವರ ತಟ್ಟೆ ನೋಡಿದರೆ ಹೆಚ್ಚಾಗಿ ಸಿಗೋದು ಇವೇ.

ಸಸ್ಯಾಹಾರಿ ಮನೆಗಳು ನಮ್ಮಲ್ಲಿ ಜಾಸ್ತಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಅಂತ ಹೇಳಿ ಕಳಿಸುತ್ತಾರೆ. ಒಂದು ಲೋಟ ಹಾಲಲ್ಲಿ ಆರೇಳು ಗ್ರಾಂ. 100 ಗ್ರಾಂ ಪನೀರ್‌ನಲ್ಲಿ ಹದಿನೆಂಟರ ಹತ್ತಿರ. ಸಣ್ಣ ಬಟ್ಟಲು ಬೇಯಿಸಿದ ಕಾಳಲ್ಲಿ ಏಳರ ಸುತ್ತಮುತ್ತ. ಅನ್ನ, ಸಾರು, ರೊಟ್ಟಿಯ ನಮ್ಮ ಊಟವನ್ನು ಚಿಕ್ಕದು ಮಾಡಿದರೆ ಸಿಗೋದು ಚಿಕ್ಕ ಅನ್ನ, ಚಿಕ್ಕ ರೊಟ್ಟಿ. ಪ್ರೋಟೀನ್ ಅಲ್ಲ. ಹಾಗಾಗಿ ಕಾಳು, ಮೊಸರು, ಪನೀರ್ ಮೊದಲು ತಿಂದು ಅನ್ನವನ್ನು ಕೊನೆಗೆ ಇಡಬೇಕು, ಶುರುವಿನ ತಿಂಗಳುಗಳಲ್ಲಿ ಪ್ರೋಟೀನ್ ಪುಡಿ ಇಲ್ಲದೆ ಆಗಲ್ಲ. ಮೂರರಿಂದ ಆರು ತಿಂಗಳ ಹೊತ್ತಿಗೆ ಕೂದಲು ಉದುರುತ್ತೆ, ಸಾಮಾನ್ಯವಾಗಿ ವಾಪಸ್ ಬರುತ್ತೆ. ಬಿ12 ವಿಷಯದಲ್ಲಂತೂ ಸಸ್ಯಾಹಾರಿಗಳಲ್ಲಿ ಎಷ್ಟೋ ಜನರಿಗೆ ಆಪರೇಷನ್‌ಗೆ ಮೊದಲೇ ಕೊರತೆ ಇರುತ್ತೆ. ಅದನ್ನ ಮೊದಲೇ ನೋಡಿ ಸರಿ ಮಾಡಿಸಿಕೊಂಡೇ ಹೋಗಬೇಕು. ಆಮೇಲೆ ಮಲ್ಟಿವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಡಿ, ಬಿ12 ಜೀವನಪೂರ್ತಿ. ‘ಆರಾಮ ಇದ್ದೀನಲ್ಲ, ಮಾತ್ರೆ ಯಾಕೆ’ ಅಂತ ಎರಡನೇ ವರ್ಷಕ್ಕೆ ಬಿಡೋರೇ ಜಾಸ್ತಿ, ಅಂಗಾಲು ಜೋಮು ಹಿಡಿದಾಗ, ರಕ್ತ ಕಮ್ಮಿಯಾಗಿ ಏದುಸಿರು ಬಂದಾಗ ನೆನಪಾಗುತ್ತೆ.

ಎರಡು ವಿಷಯ ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಕು, ಯಾಕೆಂದರೆ ಎರಡೂ ನಮ್ಮ ಊರಿನ ರೂಢಿಗೆ ಉಲ್ಟಾ.

ಒಂದು, ಬಾಟ್ಲಿ. ನಮ್ಮಲ್ಲಿ ಸುಸ್ತು ಅಂದರೆ, ವಾಂತಿ ಅಂದರೆ ಮೊದಲು ಕ್ಲಿನಿಕ್ಕಿಗೆ ಹೋಗಿ ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡು ಬರೋದು. ಬೊಜ್ಜಿನ ಆಪರೇಷನ್ ಆದವರು ದಿನಗಟ್ಟಲೆ ವಾಂತಿ ಮಾಡಿಕೊಂಡರೆ ಮೈಯಲ್ಲಿ ಥಯಾಮಿನ್, ಅಂದರೆ ವಿಟಮಿನ್ ಬಿ1, ಬೇಗ ಖಾಲಿಯಾಗುತ್ತೆ. ಅಂಥ ಹೊತ್ತಲ್ಲಿ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು. ಕಣ್ಣು ಓಲಾಡೋದು, ನಡಿಗೆ ತಡವರಿಸೋದು, ಮಾತು ಗೊಂದಲ ಆಗೋದು ಅದರ ಲಕ್ಷಣ. ತಡ ಮಾಡಿದರೆ ಪೂರ್ತಿ ಸರಿ ಹೋಗದೆ ಇರಬಹುದು. ಕ್ಲಿನಿಕ್ಕಿನ ಡಾಕ್ಟರಿಗೆ ಇದು ತಿಳಿಯದ್ದಲ್ಲ. ಆದರೆ ರೋಗಿ ಪಿತ್ತಕೋಶದ ಆಪರೇಷನ್ ಅಂತ ಸುಳ್ಳು ಹೇಳಿದ್ದರೆ ಅವರಾದರೂ ಏನು ಮಾಡಬೇಕು? ಗುಟ್ಟು ಮಾಡೋದರ ನಿಜವಾದ ಖರ್ಚು ಇದು.

ಇನ್ನೊಂದು, ನೋವಿನ ಮಾತ್ರೆ. ಮಂಡಿನೋವು ಅಂತ ಮೆಡಿಕಲ್ ಶಾಪಿಗೆ ಹೋಗಿ ‘ಎರಡು ನೋವಿನ ಗುಳಿಗೆ ಕೊಡ್ರಿ’ ಅಂದರೆ ಕೈಗೆ ಬರೋದು ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್ ಥರದವು. ಬೈಪಾಸ್ ಆದವರು ಇವನ್ನು ತಗೊಂಡರೆ ಜೋಡಣೆಯ ಜಾಗದಲ್ಲಿ ಹುಣ್ಣಾಗಿ, ರಕ್ತ ಬಂದು, ತೂತೂ ಆಗಬಹುದು. ಪ್ಯಾರಾಸಿಟಮಾಲ್ ಪರವಾಗಿಲ್ಲ. ಹೆಚ್ಚು ಬೇಕಾದರೆ ಡಾಕ್ಟರನ್ನೇ ಕೇಳಬೇಕು.

ಹೆಣ್ಣುಮಕ್ಕಳಿಗೆ ಇನ್ನೊಂದು. ತೂಕ ಇಳಿದ ಮೇಲೆ ನಿಂತುಹೋದ ಮುಟ್ಟು ಸರಿಯಾಗಿ, ಮಕ್ಕಳಾಗೋ ಸಾಧ್ಯತೆ ದಿಢೀರ್ ಅಂತ ಏರುತ್ತೆ. ಆದರೆ ಆಪರೇಷನ್ ಆಗಿ ಒಂದರಿಂದ ಒಂದೂವರೆ ವರ್ಷ ಬಸಿರಾಗಬಾರದು. ಬೈಪಾಸ್ ಆದಮೇಲೆ ಗರ್ಭನಿರೋಧಕ ಗುಳಿಗೆಯನ್ನು ಪೂರ್ತಿ ನಂಬೋ ಹಾಗಿಲ್ಲ, ಬೇರೆ ದಾರಿ ಇಟ್ಟುಕೊಳ್ಳಬೇಕು. ಮದುವೆಗೆ ಮುಂಚೆ ಮಗಳ ತೂಕ ಇಳಿಸಬೇಕು ಅಂತ ಓಡಾಡೋ ತಂದೆತಾಯಿಗೆ ಈ ಲೆಕ್ಕ ಯಾರೂ ಹೇಳಿರಲ್ಲ.

ದುಡ್ಡು, ಇನ್ಶೂರೆನ್ಸ್

ಖಾಸಗಿ ಆಸ್ಪತ್ರೆಯಲ್ಲಿ ಕೆಲವು ಲಕ್ಷ ಆಗುತ್ತೆ, ಅದು ಆಸ್ಪತ್ರೆ, ರೂಮು, ಬಳಸೋ ಸ್ಟೇಪ್ಲರ್ ಮೇಲೆ ಹೋಗುತ್ತೆ. ಆರೋಗ್ಯ ವಿಮೆಯಲ್ಲಿ ಈಗ ಬೊಜ್ಜಿನ ಆಪರೇಷನ್‌ಗೆ ಷರತ್ತಿನ ಮೇಲೆ ದಾರಿ ಇದೆ. ವಿಮಾ ಪ್ರಾಧಿಕಾರದ ನಿಯಮದ ಪ್ರಕಾರ 18 ತುಂಬಿರಬೇಕು, ಡಾಕ್ಟರ್ ಸಲಹೆ ಇರಬೇಕು, ಬಿಎಂಐ 40 ಇರಬೇಕು. 35 ಇದ್ದರೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಅಪ್ನಿಯ (ನಿದ್ದೆಯಲ್ಲಿ ಉಸಿರು ಕಟ್ಟೋದು) ಅಥವಾ ಹತೋಟಿಗೆ ಬಾರದ ಶುಗರ್ ಥರದ್ದು ಜೊತೆಗಿದ್ದು, ಬೇರೆ ದಾರಿಗಳು ಸೋತಿರಬೇಕು. ಈಗ ಮೇಲಿನ ಲೆಕ್ಕ ನೆನಪು ಮಾಡಿಕೊಳ್ಳಿ. ಐದು ಅಡಿ ನಾಲ್ಕು ಇಂಚಿನವರಿಗೆ ಕಾಯಿಲೆ ಜೊತೆಗಿದ್ದರೆ ನಮ್ಮ ದೇಶದ ಸರ್ಜನ್‌ಗಳ ಗೆರೆ 86 ಕೆಜಿ, ವಿಮೆಯವರ ಗೆರೆ 92 ಕೆಜಿ. ಮಧ್ಯದ ಆರು ಕೆಜಿಯಲ್ಲಿ ಇರೋರು ಡಾಕ್ಟರ್ ಪ್ರಕಾರ ರೋಗಿಗಳು, ವಿಮೆ ಪ್ರಕಾರ ಅಲ್ಲ. ಏಷ್ಯಾದವರ ಮೈ ಬೇರೆ ಅಂತ ಜಗತ್ತೇ ಒಪ್ಪಿದ ಮೇಲೂ ನಮ್ಮದೇ ದೇಶದ ವಿಮೆ ಹಳೆಯ ಅಮೆರಿಕದ ಸಂಖ್ಯೆ ಹಿಡಿದುಕೊಂಡು ಕೂತಿರೋದು ಸರಿಯಲ್ಲ, ಇದು ಬದಲಾಗಬೇಕು.

ಅದರ ಜೊತೆಗೆ ಕಾಯೋ ಅವಧಿ. ಮೊದಲೇ ಇರೋ ಕಾಯಿಲೆಗೆ ಗರಿಷ್ಠ ಮೂರು ವರ್ಷ, 2024ಕ್ಕೆ ಮುಂಚೆ ಅದು ನಾಲ್ಕಿತ್ತು. ಹಾಗಾಗಿ ಆಪರೇಷನ್ ಯೋಚನೆ ಬಂದ ಮೇಲೆ ಪಾಲಿಸಿ ಮಾಡಿಸಿದರೆ ಉಪಯೋಗ ಇಲ್ಲ. ಪಾಲಿಸಿ ಇದ್ದವರು ಪಥ್ಯ ಮಾಡಿದ್ದು, ಔಷಧಿ ತಗೊಂಡದ್ದು, ಸ್ಲೀಪ್ ಸ್ಟಡಿ ಮಾಡಿಸಿದ್ದು, ಇದರ ಚೀಟಿಗಳನ್ನೆಲ್ಲ ತಾರೀಕು ಸಮೇತ ಒಂದು ಫೈಲಲ್ಲಿ ಇಡಬೇಕು. ಬೇರೆ ದಾರಿ ಸೋತಿದೆ ಅನ್ನೋದಕ್ಕೆ ಅವರು ಕೇಳೋ ಸಾಕ್ಷಿ ಅದೇ.

ದುಡ್ಡಿನ ಲೆಕ್ಕ ಹಾಕುವಾಗ ಆಮೇಲಿನ ಖರ್ಚನ್ನೂ ಸೇರಿಸಿ. ಮಾತ್ರೆ, ಪ್ರೋಟೀನ್ ಪುಡಿ, ಮೊದಲ ವರ್ಷ ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ರಕ್ತ ಪರೀಕ್ಷೆ, ಆಮೇಲೆ ವರ್ಷಕ್ಕೊಂದು ಸಲ. ರಕ್ತ ಪರೀಕ್ಷೆಗೆ ಬೆಂಗಳೂರಿಗೆ ಹೋಗೋ ಅಗತ್ಯ ಇಲ್ಲ. ಎರಡು ಮೆಡಿಕಲ್ ಕಾಲೇಜು ಇರೋ ಊರು ನಮ್ಮದು. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಡಿ, ಕ್ಯಾಲ್ಸಿಯಂ, ಲಿವರ್, ಕಿಡ್ನಿ ಪರೀಕ್ಷೆ ಎಲ್ಲವೂ ಇಲ್ಲೇ ಆಗುತ್ತವೆ. ಬೇಕಿರೋದು ಇವನ್ನು ಓದಿ ಹೇಳೋ ಒಬ್ಬ ಫಿಸಿಷಿಯನ್, ಅದೂ ಆಪರೇಷನ್‌ಗೆ ಮುಂಚೆಯೇ ಒಪ್ಪಿಸಿದವರು. ಬೆಂಗಳೂರಿನ ಸರ್ಜನ್ ಹತ್ತಿರ ಡಿಸ್ಚಾರ್ಜ್ ದಿನ ಒಂದು ಪುಟದ ಚೀಟಿ ಬರೆಸಿಕೊಳ್ಳಿ: ಯಾವ ಆಪರೇಷನ್, ಯಾವ ತಾರೀಕು, ಬೈಪಾಸ್ ಆಗಿದ್ದರೆ ಎಷ್ಟು ಉದ್ದದ ಕರುಳನ್ನು ದಾಟಿಸಿ ಜೋಡಿಸಿದ್ದಾರೆ, ಯಾವ ಮಾತ್ರೆ ಬೇಡ, ವಾಂತಿಯಾದರೆ ಮೊದಲು ಥಯಾಮಿನ್, ರಾತ್ರಿ ಕರೆ ಮಾಡೋಕೆ ಒಂದು ನಂಬರ್. ಅದರ ಫೋಟೋ ನಿಮ್ಮ ಫೋನಲ್ಲೂ ಇರಲಿ, ಮನೆಯವರ ಫೋನಲ್ಲೂ ಇರಲಿ.